ಅಜ್ಜಿಯ ಹಾಗೆ ಮಾತಾಡಿದ ಕೀಬೋರ್ಡು

"ಇದೇ ಇರ್ಲಿ ಕಣಣ್ಣ, ಪ್ಯಾಕ್ ಮಾಡ್ಬುಡಿ!" ಎಂದ ಸಾಗರ್.

"ಏ, ಇರು ಸಾಗರಣ್ಣ! ನಾನಿನ್ನೂ ಒಂದ್ಸಲಾನೂ ಒತ್ತೇ ಇಲ್ಲ" ಎಂದು ಶಿವಾನಿ ಅಣ್ಣನ ಮೊಣಕೈಯನ್ನು ಆಚೆ ತಳ್ಳಿದಳು.

ಚಾಮರಾಜನಗರದ ಆ ಕಂಪ್ಯೂಟರ್ ಅಂಗಡಿಯ ಮೇಜಿನ ಮೇಲೆ ಮೂರು ಕೀಬೋರ್ಡುಗಳು ಸಾಲಾಗಿ ಕೂತಿದ್ದವು. ಮೂರೂ ಕಪ್ಪು, ಮೂರೂ ಒಂದೇ ಅಳತೆ. ಸಾಗರ್ ಎಂಟನೇ ಕ್ಲಾಸಿನವನು. ಅವನ ಪರೀಕ್ಷೆ ಬಲು ಸುಲಭ. ಗೇಮಿನಲ್ಲಿ ಓಡುವುದಕ್ಕೆ W, A, S, D. ಎಗರುವುದಕ್ಕೆ ಸ್ಪೇಸ್‌ಬಾರ್. ಅಷ್ಟನ್ನು ಪಟಪಟ ಒತ್ತಿದ, ಪರೀಕ್ಷೆ ಮುಗಿಯಿತು.

ಐದನೇ ಕ್ಲಾಸಿನ ಶಿವಾನಿಗೆ ಹಾಗಲ್ಲ. ಕೀಬೋರ್ಡು ಆರಿಸುವ ಹೊಣೆಯನ್ನು ಅಮ್ಮ ಅವಳಿಗೇ ಒಪ್ಪಿಸಿದ್ದಳು.

ಅಮ್ಮ ಗುಂಡ್ಲುಪೇಟೆಯಲ್ಲಿ ಮನೆಯಲ್ಲೇ ಕೂತು ಪ್ರೆಸ್ಸಿಗೆ ಕಾರ್ಡು ಟೈಪ್ ಮಾಡಿಕೊಡುತ್ತಾಳೆ. ಮದುವೆ ಕಾರ್ಡು, ನಾಮಕರಣದ ಕಾರ್ಡು, ತಿಥಿ ಕಾರ್ಡು, ಎಲ್ಲಾ. ಅವಳ ಹಳೇ ಕೀಬೋರ್ಡು ಮುದಿಯಾಗಿತ್ತು. ಒಮ್ಮೆ ಒತ್ತಿದರೆ ಅಕ್ಷರ ಬರುತ್ತಿರಲಿಲ್ಲ, ಬಂದರೆ ಜೋಡಿಯಾಗಿ ಬರುತ್ತಿತ್ತು. ಹೋದ ತಿಂಗಳು ನಾಗಪ್ಪ ಎಂಬ ಮದುಮಗ ಕಾರ್ಡಿನಲ್ಲಿ 'ನಾಗಗಪ್ಪ' ಆಗಿಬಿಟ್ಟಿದ್ದ. ಪ್ರೆಸ್ಸಿನ ಚಿಕ್ಕಮಲ್ಲಪ್ಪನವರು ಅಮ್ಮನನ್ನು ಎಲ್ಲರೆದುರಿಗೇ ಬೈದಿದ್ದರು. ಅಮ್ಮ ಆವತ್ತು ಊಟ ಮಾಡಿರಲಿಲ್ಲ.

ಆಮೇಲೆ ಒಂದು ದಿನ ಅವಳೇ ಬಾಯಿಬಿಟ್ಟು ಕೇಳಿದಳು, "ನಂಗೊಂದು ಒಳ್ಳೇ ಕೀಬೋರ್ಡ್ ಬೇಕು ಕಣ್ರೀ." ಅಮ್ಮ ತನಗಾಗಿ ಒಂದು ವಸ್ತು ಕೇಳಿದ್ದನ್ನು ಶಿವಾನಿ ನೋಡಿದ್ದು ಅದೇ ಮೊದಲು. ಅಪ್ಪ ಸೋಮೇಶ್ ಅರಿಶಿನದ ವ್ಯಾಪಾರಕ್ಕೆ ಚಾಮರಾಜನಗರಕ್ಕೆ ಹೊರಟಾಗ ಮಕ್ಕಳಿಬ್ಬರೂ ಜೊತೆಗೆ ಹೊರಟರು. ಅಮ್ಮನಿಗೆ ಬರುವುದಕ್ಕೆ ಪುರಸೊತ್ತಿರಲಿಲ್ಲ. ಅಪ್ಪ ಅವರನ್ನು ಪರಿಚಯದ ಈ ಅಂಗಡಿಯಲ್ಲಿ ಬಿಟ್ಟು ವ್ಯಾಪಾರಕ್ಕೆ ಹೋಗಿದ್ದ.

"ಸಾಗರ ಆಟ ನೋಡ್ಕಂಡು ತತ್ತಾನೆ, ನಿಮ್ಮಪ್ಪ ಟೈಮ್ ನೋಡ್ಕಂಡು ತತ್ತಾರೆ" ಎಂದು ಅಮ್ಮ ಶಿವಾನಿಯ ಕಿವಿಯಲ್ಲಿ ಹೇಳಿದ್ದಳು. "ನೀನು ನಿಂತ್ಕಂಡು ನೋಡಿ ತಕಂಬಾ. ಇಂಗ್ಲಿಷಲ್ಲಿ ಒತ್ತಿ ನೋಡ್ಬ್ಯಾಡ, ಕನ್ನಡದಲ್ಲಿ ಒತ್ತಿ ನೋಡು. ನಾನು ಮಾಡದು ಕನ್ನಡ ಟೈಪಿಂಗೇ ಅಲ್ವಾ?"

ಶಿವಾನಿಗೆ ಕನ್ನಡ ಟೈಪಿಂಗ್ ಬರುತ್ತಿತ್ತು. K ಒತ್ತಿದರೆ ಕ, M ಒತ್ತಿದರೆ ಮ. ಅಮ್ಮನ ಪಕ್ಕ ಕೂತು ಕೂತು ಕಲಿತದ್ದು.

ಅಂಗಡಿಯ ಶಿವಮಲ್ಲು ಬೆರಳು ಮಡಿಸುತ್ತ ಹೇಳಿದ, "ಇದು ಬ್ಲೂ ಸ್ವಿಚ್ಚು, ಇದು ರೆಡ್ಡು, ಇದು ಬ್ರೌನು."

ಶಿವಾನಿ ಬಗ್ಗಿ ಕೀಬೋರ್ಡಿನ ಹಿಂದೆ ಮುಂದೆ ಎಲ್ಲಾ ಹುಡುಕಿದಳು. "ಎಲ್ಲದೆ ಸ್ವಿಚ್ಚು? ಲೈಟ್ ಆಕೋ ಸ್ವಿಚ್ಚಾ?"

ಶಿವಮಲ್ಲು ನಕ್ಕುಬಿಟ್ಟ. "ಅದಲ್ಲ ಕೂಸು. ಒಂದೊಂದು ಕೀ ಕೆಳಗೂ ಒಂದೊಂದು ಸ್ವಿಚ್ ಕೂತದೆ, ಬ್ಲೂ ರೆಡ್ಡು ಅನ್ನದು ಅದ್ರ ಬಣ್ಣ."

"ಒಂದೊಂದ್ರ ಕೆಳಗೂನಾ? ತೋರ್ಸಿ ತೋರ್ಸಿ!"

"ಶುರುವಾಯ್ತು" ಎಂದು ಸಾಗರ್ ಹಣೆ ಚಚ್ಚಿಕೊಂಡ. ಶಿವಾನಿಯ ಬಾಯಲ್ಲಿ ಒಂದು ಪ್ರಶ್ನೆ ಹುಟ್ಟಿದರೆ ಅದಕ್ಕೆ ತಮ್ಮ ತಂಗಿಯರೂ ಹುಟ್ಟುತ್ತಾರೆ ಎಂಬುದು ಅವನಿಗೆ ಗೊತ್ತು.

ಶಿವಮಲ್ಲು ಬೇಸರ ಮಾಡಿಕೊಳ್ಳಲಿಲ್ಲ. ಡಬ್ಬಿಯಿಂದ ಚಿಮಟದಂಥ ಪುಟ್ಟ ಸಾಮಾನೊಂದನ್ನು ತೆಗೆದ. ಬ್ರೌನ್ ಕೀಬೋರ್ಡಿನ ನಡುವಿನಿಂದ ಒಂದು ಕೀಯ ಟೋಪಿಯನ್ನು ಟಪಕ್ಕನೆ ಎಬ್ಬಿಸಿ ಅವಳ ಅಂಗೈಗೆ ಹಾಕಿದ. ಅದರ ಕೆಳಗಿದ್ದ ಸ್ವಿಚ್ಚನ್ನೂ ಮೆಲ್ಲಗೆ ಕಿತ್ತ. ಹುಣಸೆಬೀಜಕ್ಕಿಂತ ಚೂರು ದೊಡ್ಡದಾದ ಚೌಕದ ಡಬ್ಬಿ. ಅದಕ್ಕೆ ತಾಮ್ರದ ಎರಡು ತೆಳ್ಳನೆ ಕಾಲು.

"ಬ್ಲೂ ಯಾಕಣ್ಣ ಅಷ್ಟು ಸದ್ದು ಮಾಡ್ತದೆ?"

"ಅದ್ರೊಳಗೆ ಒಂದು ಚೂರು ಐತೆ. ಒತ್ದಾಗೆಲ್ಲ ಟಿಕ್ ಅಂತ ಬಡೀತದೆ."

"ರೆಡ್ಡಲ್ಲಿ?"

"ಏನೂ ಇಲ್ಲ. ಜಾರುಬಂಡೇಲಿ ಇಳ್ದಂಗೆ ಸರ್ ಅಂತ ಇಳೀತದೆ."

"ಬ್ರೌನಲ್ಲಿ?"

"ಬಂಡೀಪುರ ರೋಡಲ್ಲಿ ಗಾಡಿ ಎಗರ್ಸೋ ಅಂಪ್ಸ್ ಇರ್ತವಲ್ಲ, ಅಂಗೆ ನಡುವೆ ಒಂದು ಸಣ್ಣ ಅಂಪು. ಸದ್ದಿಲ್ಲ. ಬೆರಳಿಗೆ ಮಾತ್ರ ಗೊತ್ತಾಯ್ತದೆ."

ಎಷ್ಟು ಚೆಂದ! ಒಂದು ಇಡೀ ಕೀಬೋರ್ಡಿನ ಹೊಟ್ಟೆಯೊಳಗೆ ಇಷ್ಟೊಂದು ಪುಟ್ಟ ಡಬ್ಬಿಗಳು ಕೂತಿವೆ, ಹೊರಗೆ ಯಾರಿಗೂ ಗೊತ್ತೇ ಇಲ್ಲ. ಶಿವಾನಿಗೆ ಅದನ್ನು ಕೆಳಗಿಡುವ ಮನಸ್ಸೇ ಆಗಲಿಲ್ಲ.

"ಅಣ್ಣ, ವಾಪಸ್ ನಾನೇ ಆಕ್ಲಾ?"

ಶಿವಮಲ್ಲು ಒಂದು ಗಳಿಗೆ ಅನುಮಾನಿಸಿದ. ಅಷ್ಟರಲ್ಲಿ ಯಾರೋ ಚಾರ್ಜರ್ ಕೇಳಿಕೊಂಡು ಬಂದರು. "ಆಕು ಕೂಸು. ನೆಟ್ಟಗೆ ಇಟ್ಟು ಒತ್ಬೇಕು, ಗೊತ್ತಾಯ್ತಾ?" ಎಂದು ಆ ಕಡೆ ತಿರುಗಿದ.

ಶಿವಾನಿ ಇಟ್ಟು ಒತ್ತಿದಳು. ಕೂರಲಿಲ್ಲ. ಹೆಬ್ಬೆರಳಿನಿಂದ ಜೋರಾಗಿ ಅಮುಕಿದಳು. ಕಟ್ ಅಂತು, ಕೂತಿತು. ಮೇಲೆ ಟೋಪಿ ಹಾಕಿದಳು.

ಆಮೇಲೆ ಯೋಚನೆ. ಬ್ಲೂ ಒತ್ತಿದರೆ ಅಂಗಡಿಯೆಲ್ಲ ಟಿಕ್ ಟಿಕ್. ಮನೆಯಲ್ಲಿ ಕಂಪ್ಯೂಟರಿನ ಪಕ್ಕದಲ್ಲೇ ಮಲ್ಲಾಜಮ್ಮಜ್ಜಿಯ ಮಂಚ. ಇದನ್ನು ತಗೊಂಡು ಹೋದರೆ ಅಜ್ಜಿ ಕೀಬೋರ್ಡನ್ನೂ ಸಾಗರನನ್ನೂ ಒಟ್ಟಿಗೆ ಬೀದಿಗೆ ಹಾಕುತ್ತಾಳೆ. ಸಾಗರನಿಗೆ ರೆಡ್ಡೇ ಬೇಕಿತ್ತು. ಆದರೆ ಅದರ ಮೇಲೆ ಬೆರಳು ಸುಮ್ಮನೆ ಇಟ್ಟರೂ ಕೀ ಇಳಿದುಬಿಡುತ್ತಿತ್ತು. ಇನ್ನೊಬ್ಬ ನಾಗಗಪ್ಪ ಹುಟ್ಟಿದರೆ ಅಮ್ಮನ ಗತಿ?

"ಬ್ರೌನು" ಎಂದಳು ಶಿವಾನಿ. "ಗೇಮ್‌ಗೂ ಆಯ್ತದೆ, ಟೈಪಿಂಗ್‌ಗೂ ಆಯ್ತದೆ."

"ಮಾರಾಯ್ತಿ, ಯಾವ್ದೋ ಒಂದು. ಓಗನ ನಡಿ" ಎಂದ ಸಾಗರ್.

ಅವಳು ಅಷ್ಟಕ್ಕೇ ಬಿಡುವವಳಲ್ಲ. ಅಂಗಡಿಯ ಕಂಪ್ಯೂಟರಿಗೆ ಬ್ರೌನ್ ಕೀಬೋರ್ಡು ಸಿಕ್ಕಿಸಿ, ಕನ್ನಡಕ್ಕೆ ಬದಲಾಯಿಸಿ, ಟೈಪ್ ಮಾಡಿ ನೋಡಿದಳು. ಏನು ಬರೆಯುವುದು? ಅಜ್ಜಿಗೇ ಒಂದು ಮೆಸೇಜು.

'ಅಜ್ಜಿ ಎಂಗಿದ್ದೀಯ ಕಾಪಿ ಕುಡ್ದಾ ಕೀಬೋರ್ಡು ಬೋ ಚೆಂದಾಗದೆ ಸಾಗರಣ್ಣ ಓಗನ ಓಗನ ಅಂತಾವ್ನೆ ಅಪ್ಪ ಬಂದೇಟ್ಗೆ ಬಸ್ ಅತ್ತಿ ಬತ್ತೀವಿ'

ಶಿವಮಲ್ಲು ಕತ್ತು ಚಾಚಿ ಓದಿದ. "ಸರ್ಯಾಗದೆ ಬುಡು. ಒಂದಕ್ಷರಾನೂ ತಪ್ಪಿಲ್ಲ" ಎಂದು ಡಬ್ಬಿಗೆ ಹಾಕಿಕೊಟ್ಟ.

ಸಂಜೆ ಮನೆಗೆ ಬಂದಾಗ ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಓಡಿ ಬಂದಳು. ಕೂತು, ಹತ್ತು ಬೆರಳನ್ನೂ ಕೀಬೋರ್ಡಿನ ಮೇಲೆ ಇಟ್ಟು, ಒಂದು ಸಾಲು ಟೈಪ್ ಮಾಡಿ ಕಣ್ಣು ಮುಚ್ಚಿದಳು.

"ಬೆಣ್ಣೆ ಮೇಲೆ ಬೆರಳು ಇಟ್ಟಂಗದೆ ಕಣಮ್ಮಿ! ಚೆನ್ನಾಗಿ ನೋಡಿ ತಂದಿದ್ದೀಯ."

ಶಿವಾನಿ ಹಿಗ್ಗಿ ಹೀರೇಕಾಯಿಯಾದಳು. ಸಾಗರನ ಕಡೆ ತಿರುಗಿ ಹುಬ್ಬು ಹಾರಿಸಿದಳು.

ಗುರುಮಲ್ಲಯ್ಯನವರ ಹೊಸ ಮನೆಯ ಕಾರ್ಡು ಬೆಳಗ್ಗೆ ಪ್ರೆಸ್ಸಿಗೆ ಹೋಗಬೇಕಿತ್ತು. ಅಮ್ಮ ಪಕ್ಕದಲ್ಲಿ ಚೀಟಿ ಇಟ್ಟುಕೊಂಡು ಶುರು ಮಾಡಿದಳು. ಅವಳು ಚೀಟಿ ನೋಡುತ್ತಾಳೆಯೇ ಹೊರತು ಪರದೆ ನೋಡುವುದಿಲ್ಲ. ಗೇಮಿಗೆ ತನ್ನ ಸರದಿ ಯಾವಾಗ ಬರುತ್ತದೋ ಎಂದು ಹಿಂದೆ ನಿಂತಿದ್ದ ಸಾಗರ್ ಪರದೆ ಓದುತ್ತಿದ್ದ. ಓದುತ್ತ ಓದುತ್ತ ಹೊಟ್ಟೆ ಹಿಡಿದುಕೊಂಡ.

"ಅಮ್ಮಾ! ಕೀಬೋರ್ಡು ಅಜ್ಜಿ ಥರ ಮಾತಾಡ್ತದೆ!"

ಅಮ್ಮ ತಲೆ ಎತ್ತಿದಳು. ಪರದೆಯ ಮೇಲೆ ಹೀಗಿತ್ತು:

'ಶ್ರೀ ಮಲೆ ಮದೇಶ್ವರ ಪ್ರಸನ್ನ. ನಮ್ಮ ಒಸ ಮನೆಯ ಗೃಪ್ರವೇಶಕ್ಕೆ ತಮಗೆ ಆರ್ದಿಕ ಸ್ವಾಗತ.'

"ಅಯ್ಯೋ, ಅ ಎಲ್ಲೋಯ್ತು?" ಎಂದಳು ಅಮ್ಮ. ಅವಳು ಹೇಳಿದ್ದು 'ಹ' ಎಂದೇ. ಬಾಯಿಂದ ಬಂದದ್ದು ಮಾತ್ರ 'ಅ'.

ಮಂಚದ ಮೇಲಿಂದ ಅಜ್ಜಿ ಕೇಳಿದಳು, "ಅ ಇಲ್ವಾ? ಮೊದಲ್ನೇ ಅಕ್ಸರಾನೇ ಇಲ್ದಿರೋದ ಯಾಕವ್ವ ತಂದ್ರಿ?"

"ಆ ಅ ಅಲ್ಲ ಕಣಜ್ಜಿ, ಇನ್ನೊಂದು ಅ!" ಎಂದ ಸಾಗರ್. ಅಜ್ಜಿಗೆ ಏನೂ ಅರ್ಥವಾಗಲಿಲ್ಲ.

ಅಮ್ಮ H ಕೀಯನ್ನು ಒತ್ತಿದಳು. ಮತ್ತೆ ಒತ್ತಿದಳು. ಕುಟ್ಟಿದಳು. ಏನೂ ಬರಲಿಲ್ಲ.

"ಕನ್ನಡದಲ್ಲಿ ಒತ್ತಿ ನೋಡು ಅಂದಿದ್ದೆನಲ್ಲಮ್ಮಿ."

"ನೋಡ್ದೆ ಅಮ್ಮ! ಉದ್ದುಕ್ಕೂ ಟೈಪ್ ಮಾಡ್ದೆ, ಒಂದಕ್ಷರಾನೂ ತಪ್ಪಿರ್ಲಿಲ್ಲ. ಎಂಗಿದ್ದೀಯ ಅಂತ, ಓಗನ ಅಂತ, ಬಸ್ ಅತ್ತಿ ಬತ್ತೀವಿ ಅಂತ..."

ಹೇಳುತ್ತ ಹೇಳುತ್ತ ಅವಳ ಮಾತು ನಿಧಾನವಾಯಿತು. ಪುಸ್ತಕ ನೋಡಿ ಬರೆದಿದ್ದರೆ ಹೇಗಿದ್ದೀಯ ಎಂದು ಬರೆಯುತ್ತಿದ್ದಳು. ಅಜ್ಜಿಗೆ ಬರೆದದ್ದರಿಂದ ಬಾಯಲ್ಲಿ ಆಡುವ ಹಾಗೆ, ಒಂದೂ ಹ ಇಲ್ಲದೆ ಬರೆದಿದ್ದಳು. ಸಾಗರ್ ಬಿದ್ದು ಬಿದ್ದು ನಕ್ಕ. "ನಾವ್ಯಾರೂ ಅನ್ನದೇ ಇರೋ ಅಕ್ಷರ ನಮ್ಗ್ಯಾಕೆ? ಗೇಮ್‌ಗಂತೂ ಎಚ್ ಬ್ಯಾಡ, ಇರ್ಲಿ ಬುಡಮ್ಮ!"

ಅಮ್ಮನೂ ಮೊದಲು ನಕ್ಕಳು. ಆಮೇಲೆ ಚೀಟಿ ನೋಡಿದಳು, ಗಡಿಯಾರ ನೋಡಿದಳು. ನಗು ಇಳಿಯಿತು. ಹೊಸ ಕೀಬೋರ್ಡಿನ ವೈರು ಕಿತ್ತು ಸುತ್ತಿದಳು.

"ನಾಳೆ ವಾಪಸ್ ಕೊಟ್ಬುಡಿ. ನಂಗೆ ಅಳೇದೇ ಸಾಕು. ಇವೆಲ್ಲ ನಮಗಲ್ಲ."

ಇಷ್ಟು ಹೊತ್ತು ಕಣ್ಣು ಮುಚ್ಚಿ ಬೆಣ್ಣೆ ಎನ್ನುತ್ತಿದ್ದ ಅಮ್ಮ ಈಗ ಸ್ಟೂಲ್ ಹತ್ತಿ ಅಟ್ಟದ ಮೇಲಿಂದ ಹಳೇ ಕೀಬೋರ್ಡು ಇಳಿಸುತ್ತಿದ್ದಳು.

ಅಪ್ಪನಿಗೆ ರೇಗಿತು. "ಮಕ್ಳು ಅಂತ ಕೆಟ್ಟೋಗಿರೋದ ಕಟ್ಟಿ ಕಳಿಸವ್ನೆ ಆ ಶಿವಮಲ್ಲು. ತಡಿ, ಮಾಡ್ತೀನಿ ಅವನ್ಗೆ" ಎಂದು ಫೋನ್ ತೆಗೆದ.

ಶಿವಾನಿ ಕೀಬೋರ್ಡನ್ನೇ ನೋಡುತ್ತಿದ್ದಳು. H ಎಲ್ಲಿದೆ? ನಟ್ಟನಡುವೆ. ಅಂಗಡಿಯಲ್ಲಿ ಶಿವಮಲ್ಲಣ್ಣ ಟೋಪಿ ಎಬ್ಬಿಸಿದ್ದು ಎಲ್ಲಿಂದ? ನಟ್ಟನಡುವಿನಿಂದಲೇ. ಹೆಬ್ಬೆರಳಿನಿಂದ ಜೋರಾಗಿ ಅಮುಕಿದ್ದು ಯಾರು?

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅಪ್ಪ ಬೈಯುತ್ತಾನೆ, ಶಿವಮಲ್ಲಣ್ಣ ಬೇರೆ ಕೀಬೋರ್ಡು ಕೊಡುತ್ತಾನೆ, ಅಮ್ಮನೂ ನಗುತ್ತಾಳೆ. ಆದರೆ ಕೇಳಿದ್ದಕ್ಕೆಲ್ಲ ಬೇಸರವಿಲ್ಲದೆ ಉತ್ತರ ಹೇಳಿದವನು ಅವನು. ಪಾಪ, ಬೈಗುಳ ತಿನ್ನುವವನೂ ಅವನೇ ಆಗಬೇಕೇ?

"ಅಲೋ, ಶಿವಮಲ್ಲು?" ಎಂದ ಅಪ್ಪ.

"ಅಪ್ಪ, ಬೈಬ್ಯಾಡ! ಅದು ನಾನೇ ಮಾಡಿದ್ದು. ಕಿತ್ತಿ ತೋರ್ಸಿ ಅಂತ ನಾನೇ ಕೇಳ್ದೆ. ವಾಪಸ್ ಆಕಿದ್ದೂ ನಾನೇ. ನೆಟ್ಟಗೆ ಇಡು ಅಂದಿದ್ರು, ನಾನು ಅಮುಕ್ಬುಟ್ಟೆ."

ಮನೆಯಲ್ಲಿ ಎಲ್ಲರೂ ಅವಳನ್ನೇ ನೋಡಿದರು. ಅಪ್ಪ ಫೋನನ್ನು ಅವಳ ಕೈಗೆ ಕೊಟ್ಟ. "ನೀನೇ ಯೋಳು."

"ಅಣ್ಣ, ನಾನು ಶಿವಾನಿ. ನಾನು ಆಕಿದ್ನಲ್ಲ ಸ್ವಿಚ್ಚು, ಅದು ಕೆಟ್ಟೋಗದೆ. ಅ ಬತ್ತಿಲ್ಲ."

"A ಕೀನಾ ಕೂಸು?"

"A ಅಲ್ಲಣ್ಣ. ಅ! ಅ!"

"ಅದೇ ಕಣಮ್ಮ, A ತಾನೇ?"

"ಎಚ್ ಅನ್ನಮ್ಮಿ!" ಎಂದು ಸಾಗರ್ ಹಿಂದಿನಿಂದ ಕಿರುಚಿದ.

ಫೋನಿನಲ್ಲಿ ಶಿವಮಲ್ಲು ಸಿಟ್ಟಾಗಲಿಲ್ಲ. "ನಾನೂ ನೋಡ್ಬೇಕಾಗಿತ್ತು ಬುಡು. ಡಬ್ಬೀಲಿ ಚಿಮಟ ಇಟ್ಟಿವ್ನಿ. ಕಿತ್ತು ನೋಡು, ಒಂದು ಕಾಲು ಬಗ್ಗಿರ್ತದೆ. ಮೆಲ್ಲಗೆ ನೆಟ್ಟಗೆ ಮಾಡಿ ಆಕ್ಬುಡು" ಎಂದ.

ಅಮ್ಮ ಹಳೇ ಕೀಬೋರ್ಡನ್ನು ಅಲ್ಲೇ ಇಟ್ಟು ಬಂದು ಕೂತಳು. ಏನೂ ಬೈಯಲಿಲ್ಲ. ಚಿಮಟವನ್ನು ಮಗಳ ಕೈಗೆ ಕೊಟ್ಟಳು.

ಶಿವಾನಿ ಕಿತ್ತಳು. ಹೌದು, ಒಂದು ಕಾಲು ಮಡಿಸಿಕೊಂಡು ಹೊಟ್ಟೆಗೆ ಅಂಟಿ ಕೂತಿತ್ತು. ಅಮ್ಮ ಸೆರಗಿನ ಪಿನ್ನು ತೆಗೆದು ಅದನ್ನು ಮೆಲ್ಲಗೆ ಎಬ್ಬಿಸಿದಳು. ಇನ್ನೇನು ನೆಟ್ಟಗಾಯಿತು ಎನ್ನುವಾಗ, ಪಟ್! ಕಾಲು ಮುರಿದು ಕೆಳಗೆ ಬಿತ್ತು.

"ಓಯ್ತು" ಎಂದಳು ಅಮ್ಮ.

ಶಿವಾನಿಗೆ ಅಳು ಬಂತು. ಕಣ್ಣು ಒರೆಸಿಕೊಂಡು ಕೀಬೋರ್ಡಿನ ಮೇಲೆಲ್ಲ ನೋಡಿದಳು. ಮೇಲ್ಗಡೆ ಬಲತುದಿಯಲ್ಲಿ ಒಂದು ಕೀ ಇತ್ತು. ಅದರ ಮೇಲೆ ಸ್ಕ್ರಾಲ್ ಲಾಕ್ ಎಂದು ಬರೆದಿತ್ತು.

"ಅಮ್ಮ, ಇದು ಏನ್ ಮಾಡ್ತದೆ?"

"ಗೊತ್ತಿಲ್ಲ ಕಣಮ್ಮಿ."

"ಸಾಗರಣ್ಣ, ನಿಂಗೆ?"

"ಯಾವ ಗೇಮಲ್ಲೂ ಬರಲ್ಲ ಅದು."

"ಅಪ್ಪ?"

"ನನ್ನೇನ್ ಕೇಳ್ತೀಯ!"

"ಇಷ್ಟು ವರ್ಷ ಟೈಪ್ ಮಾಡಿವ್ನಿ, ಅದನ್ನ ಒಂದಿನಾನೂ ಒತ್ತಿಲ್ಲ ನಾನು" ಎಂದಳು ಅಮ್ಮ. ಅಷ್ಟು ಹೇಳಿ ಮಗಳ ಮುಖ ನೋಡಿದಳು. ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

"ಅದನ್ನ ಕಿತ್ತಿ ಇಲ್ಲಿಗೆ ಆಕನಾ ಅಮ್ಮ?"

"ನೀನೇ ಆಕು."

"ನಾನಾ? ಮತ್ತೆ ಬಗ್ಗೋದ್ರೆ?"

"ನೀನೇ ಆಕು ಕಣಮ್ಮಿ. ಈಗ ನಿಂಗೊಬ್ಬಳಿಗೇ ಅದ್ರ ಮರ್ಮ ಗೊತ್ತಿರೋದು."

ಶಿವಾನಿ ಸ್ಕ್ರಾಲ್ ಲಾಕ್‌ನ ಟೋಪಿ ತೆಗೆದಳು, ಸ್ವಿಚ್ಚು ಕಿತ್ತಳು. ಎರಡೂ ಕಾಲು ನೆಟ್ಟಗಿವೆಯೇ ಎಂದು ಬೆಳಕಿಗೆ ಹಿಡಿದು ನೋಡಿದಳು. H ಜಾಗದಲ್ಲಿದ್ದ ಎರಡು ಸಣ್ಣ ತೂತುಗಳ ಮೇಲೆ ಕಾಲುಗಳನ್ನು ಇಟ್ಟಳು. ಉಸಿರು ಬಿಗಿಹಿಡಿದು, ಈ ಸಲ ನಿಧಾನವಾಗಿ, ಅಲ್ಲಾಡಿಸದೆ ಒತ್ತಿದಳು. ಜಗ್ಗಾಡದೆ ಕೂತಿತು. ಮೇಲೆ H ಟೋಪಿ ಹಾಕಿದಳು. ಅಮ್ಮ ವೈರು ಸಿಕ್ಕಿಸಿದಳು. ಶಿವಾನಿ H ಮೇಲೆ ಬೆರಳಿಟ್ಟಳು. ಖುಷಿಗೆ ಬೆರಳು ಎತ್ತುವುದನ್ನೇ ಮರೆತಳು.

'ಹಹಹಹಹಹಹಹಹ' ಎಂದಿತು ಪರದೆ.

ಮನೆಯವರೆಲ್ಲ ಹೋ ಎಂದು ನಕ್ಕರು. ಅಜ್ಜಿ ಏಕೆಂದು ತಿಳಿಯದಿದ್ದರೂ ಎಲ್ಲರಿಗಿಂತ ಜೋರಾಗಿ ನಕ್ಕಳು.

ಅಮ್ಮ ಕಾರ್ಡು ಪೂರ್ತಿ ಮುಗಿಸಿ ಕುರ್ಚಿ ಬಿಟ್ಟು ಎದ್ದಳು. "ಎಲ್ಲಾನೂ ಜೋರಾಗಿ ಓದಮ್ಮಿ. ತಪ್ಪಿದ್ರೆ ಗೊತ್ತಾಯ್ತದೆ."

ಶಿವಾನಿ ಓದಿದಳು, "ನಮ್ಮ ಒಸ ಮನೆಯ..."

ಓದುತ್ತಿದ್ದವಳು ನಿಂತುಬಿಟ್ಟಳು. ಪರದೆಯ ಮೇಲೆ 'ಹೊಸ' ಎಂದೇ ಇತ್ತು. ಅವಳ ಬಾಯಿ 'ಒಸ' ಎಂದಿತ್ತು. ತನ್ನ ಬಾಯಿ ಏನು ಹೇಳುತ್ತದೆ ಎಂದು ಅವಳ ಕಿವಿ ಕೇಳಿಸಿಕೊಂಡದ್ದು ಅದೇ ಮೊದಲು.

"ಅಮ್ಮ, ನೀನೂ ಬಾಯಲ್ಲಿ ಒಸ ಮನೆ ಅಂತೀಯ. ಮತ್ತೆ ನಿನ್ ಬೆರಳಿಗೆ ಎಂಗೆ ಗೊತ್ತಾಯ್ತದೆ?"

ಅಮ್ಮ ತನ್ನ ಬೆರಳುಗಳನ್ನು ತಾನೇ ನೋಡಿಕೊಂಡಳು. "ಯಾರಿಗೊತ್ತು! ನಾಲ್ಗೆ ಬುಟ್ರೂ ಬೆರಳು ಬುಡಲ್ಲ. ನಾಲ್ಗೆ ಮನೇದು, ಬೆರಳು ಇಸ್ಕೂಲ್ದು" ಎಂದು ನಗುತ್ತ ಮುದ್ದೆ ತೊಳಸಲು ಒಳಗೆ ಹೋದಳು.

ಶಿವಾನಿ ಹೊಟ್ಟೆಯಿಂದ ಗಾಳಿ ತಳ್ಳಿ ಹೇಳಿ ನೋಡಿದಳು. "ಹೊ... ಸ. ಗೃ... ಹ."

"ಯಾಕ್ಕೂಸೆ ಅಂಗೆ ಏದುಸ್ರು ಬುಡ್ತಿದ್ದೀಯ? ಎಲ್ಲಿಂದ ಓಡ್ಬಂದೆ?" ಎಂದಳು ಅಜ್ಜಿ.

"ನನ್ ಟರ್ನು, ಏಳು" ಎಂದ ಸಾಗರ್.

"ಒಂದೇ ನಿಮಿಷ ಸಾಗರಣ್ಣ. ಅಜ್ಜಿ, ಏನಾರ ಒಂದು ಯೋಳು. ನೀನು ಯೋಳಿದ್ದ ಟೈಪ್ ಮಾಡ್ತೀನಿ."

"ನಾನೇನ್ ಯೋಳ್ಳವ್ವ? ಒಟ್ಟೆ ಅಸೀತದೆ, ಬಿರ್ರನೆ ಮುದ್ದೆ ಆಕು ಅನ್ನು ನಿಮ್ಮವ್ವಂಗೆ."

ಶಿವಾನಿಯ ಬೆರಳು ತಾನಾಗಿಯೇ H ಕಡೆ ಹೋಯಿತು. 'ಹೊಟ್ಟೆ ಹಸೀತದೆ' ಎಂದು ಬಂತು. ಓದಿಕೊಂಡಳು. ಒಂದು ತಪ್ಪೂ ಇರಲಿಲ್ಲ. ಆದರೆ ಯಾರೋ ಮೇಡಂ ಹೇಳಿದ ಹಾಗಿತ್ತು, ಅಜ್ಜಿ ಹೇಳಿದ ಹಾಗಿರಲಿಲ್ಲ.

ಅಳಿಸಿ ಮತ್ತೆ ಟೈಪ್ ಮಾಡಿದಳು. 'ಒಟ್ಟೆ ಅಸೀತದೆ, ಬಿರ್ರನೆ ಮುದ್ದೆ ಆಕು.' ಹ ಕೀ ಅಲ್ಲೇ ಇತ್ತು, ಚೆನ್ನಾಗಿಯೇ ಇತ್ತು, ಬೇಕೆಂದರೆ ಒತ್ತಬಹುದಿತ್ತು. ಅವಳು ಒತ್ತಲಿಲ್ಲ. ಈಗ ಓದಿದರೆ ಅಜ್ಜಿಯ ದನಿ ಕೇಳಿಸುತ್ತಿತ್ತು. ಒಂದಕ್ಷರವೂ ಕಡಿಮೆಯಾಗಿರಲಿಲ್ಲ.

ಅದನ್ನು ಹಾಗೇ ಬಿಟ್ಟು, ಕುರ್ಚಿಯನ್ನು ಸಾಗರನಿಗೆ ಕೊಟ್ಟು, ಶಿವಾನಿ ಒಲೆಮನೆಯ ಕಡೆ ಓಡಿದಳು.

"ಅಮ್ಮಾ, ಅಜ್ಜಿಗೆ ಒಟ್ಟೆ ಅಸೀತದಂತೆ!"